ಹೊಸ ದೀಪದ ಅಂಚು

ಫೆಬ್ರವರಿ 3, ಸಂಜೆ

ನಾಳಿದ್ದು ನೀರಿಗೆ ಇಳಿಯಲು ಸಿಲಿಂಡರಿಗೆ ಗಾಳಿ ತುಂಬಿಸಿದ್ದಾಯಿತು. ಸೂಟು ತೊಳೆದು ತಂತಿಗೆ ಹಾಕಿದೆ. ನೀರೊಳಗಿನ ಹೊಸ ದೀಪಗಳು ಬಂದವು — ನನಗೊಂದು, ಮಗಳಿಗೊಂದು. ಇಪ್ಪತ್ತಾರು ತುಂಬಿದರೂ ನನ್ನ ಬಾಯಲ್ಲಿ ಅವಳು ಗುಬ್ಬಿಯೇ. ದೀಪ ಅಂಗೈಯಷ್ಟು, ಡಬ್ಬಿಯ ಮೇಲಿನ ಮಾತು ಮಾತ್ರ ಆಕಾಶದಷ್ಟು. ‘ವಿಶಾಲ ಬೆಳಕು’ ಅಂತೆ. ನೋಡೋಣ. ಹಳೆಯದರ ಬೆಳಕು ವರ್ಷದಿಂದ ಕಿರಿದಾಗುತ್ತಲೇ ಇತ್ತು. ಮಾಸ್ಕ್ ಬದಲಾಯಿಸಿದರೂ ಅಷ್ಟೇ.

ದೀಪ ಹಿಡಿದು ಒಳಗೆ ಬರುವಾಗ ಎಡ ಭುಜ ಬಾಗಿಲಿಗೆ ತಾಗಿತು. ಈ ವಾರ ಎರಡನೇ ಸಲ. “ಮನೆ ಬಾಗಿಲೇ ಕಾಣದವರಿಗೆ ಸಮುದ್ರದ ತಳ ಏನು ಕಾಣುತ್ತೋ!” ಎಂದಳು ಇವಳು. ಹೆಂಡತಿಗೆ ಏನು ಗೊತ್ತು? ಚೌಕಟ್ಟು ಮಾಡಿದ ಬಡಗಿಗೆ ಹೇಳಬೇಕು.

ಫೆಬ್ರವರಿ 5

ಬಂದರಿನಲ್ಲಿ ನಿಂತ ಸರಕು ಹಡಗಿನ ತಳ ಪರೀಕ್ಷೆ. ಗುಬ್ಬಿ, ನಾನು. ಎಂದಿನ ಜೋಡಿ. ನೀರು ಬೂದು. ದೀಪ ಹಚ್ಚಿದೆ... ನಿರಾಸೆ. ಎದುರಿಗೆ ಹಗಲು, ನಿಜ. ಆದರೆ ಅಕ್ಕಪಕ್ಕ ಏನೂ ಇಲ್ಲ. ಕೊಳವೆಯಲ್ಲಿ ಇಣುಕಿದ ಹಾಗೆ.

“ಏನಪ್ಪಾ ನೀನು! ತಳದ ಈ ಬದಿಯಿಂದ ಆ ಬದಿವರೆಗೂ ಕಾಣ್ತಿತ್ತಲ್ಲ?” ಎಂದಳು ಗುಬ್ಬಿ, ಬೋಟಿಗೆ ಹತ್ತಿದ ಮೇಲೆ.

“ನಿನ್ನದು ಒಳ್ಳೇದು ಬಂದಿದೆ. ಕೊಡು ಇಲ್ಲಿ.”

ಅದಲು ಬದಲು ಮಾಡಿಕೊಂಡೆವು.

ಫೆಬ್ರವರಿ 6

ಅದೂ ಅಷ್ಟೇ. ಎರಡೂ ಒಂದೇ ತಾಯಿಯ ಮಕ್ಕಳು. ನೇರ ಅಂಗಡಿಗೆ ಹೋಗಿ ಜಗಳ ಆಡಿದೆ. “ಇದಕ್ಕಿಂತ ಅಗಲ ಬೇಕಂದ್ರೆ ಸೂರ್ಯನ್ನೇ ಆರ್ಡರ್ ಮಾಡ್ಬೇಕು ಸಾರ್” ಎಂದ ಅಂಗಡಿಯವನು. ಕೊಬ್ಬು.

ಫೆಬ್ರವರಿ 9

ಮತ್ತೆ ಅದೇ ಹಡಗಿನ ತಳ.

ಚುಕ್ಕಾಣಿಯ ಹತ್ತಿರ ನಾನು. ಎಡಕ್ಕೆ, ಎರಡು ಮಾರು ದೂರದಲ್ಲಿ ಗುಬ್ಬಿ. ಯಾರೋ ಬಿಟ್ಟ ಹರಕು ಬಲೆ ಅವಳ ಕಾಲಿಗೆ ಸುತ್ತಿಕೊಂಡಿದೆ. ಎಳೆದಷ್ಟೂ ಬಿಗಿ. ಅವಳು ದೀಪ ಬೀಸಿದ್ದಾಳೆ — ಅಡ್ಡಡ್ಡ, ಜೋರಾಗಿ. ಚಿಕ್ಕವಳಿದ್ದಾಗ ಟಾರ್ಚ್ ಹಿಡಿಸಿ ಮನೆಯ ಗೋಡೆಯ ಮೇಲೆ ನಾನೇ ಕಲಿಸಿದ್ದು. ದುಂಡಗೆ ತಿರುಗಿಸಿದರೆ ‘ನಾನು ಸರಿ ಇದ್ದೇನೆ, ನೀನು?’ ಕಂಡವರು ದುಂಡಗೇ ಉತ್ತರಿಸಬೇಕು. ಅಡ್ಡ ಬೀಸಿದರೆ ‘ಬೇಗ ಬಾ.’

ನಾನು ಹೋಗಲಿಲ್ಲ. ಕಾಣಲೇ ಇಲ್ಲ. ಆರಾಮವಾಗಿ ತುಕ್ಕು ನೋಡುತ್ತಿದ್ದೆ.

ಚಾಕು ತೆಗೆದು ತಾನೇ ಬಲೆ ಕೊಯ್ದುಕೊಂಡು ಬಂದಳು. ಬೋಟಿನಲ್ಲಿ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, “ಅಪ್ಪಾ, ನಾನು ಬೀಸ್ತಾನೇ ಇದ್ದೆ” ಎಂದಳು ಅಷ್ಟೇ.

“ದೀಪ ಸರಿಯಿಲ್ಲ ಅಂತ ಅವತ್ತೇ ಹೇಳಿದ್ನಲ್ಲ!” ಬಾಯಿಗೆ ಬಂದದ್ದು ಅದೊಂದೇ. ಬೋಟಿನವನು ಮುಖ ಆಚೆ ತಿರುಗಿಸಿಕೊಂಡ.

ಫೆಬ್ರವರಿ 10, ಮಧ್ಯಾಹ್ನ

ಗುಬ್ಬಿ ಪರದೆ ಎಳೆದಳು. ಹೊಸ ದೀಪವನ್ನು ಸ್ಟೂಲಿನ ಮೇಲಿಟ್ಟು ಗೋಡೆಗೆ ಬಿಟ್ಟಳು. ನನ್ನನ್ನು ಎದುರಿಗೆ ನಿಲ್ಲಿಸಿದಳು.

“ನಟ್ಟನಡುವೆ ನೋಡು. ಕಣ್ಣು ಅಲುಗಿಸ್ಬೇಡ. ಬೆಳಕು ಎಲ್ಲಿಗೆ ಮುಗಿಯುತ್ತೆ, ಹೇಳು.”

ಚಾಕ್‌ಪೀಸ್ ಹಿಡಿದು ಎಡಕ್ಕೆ ಸರಿಯುತ್ತ ಹೋದಳು. “ಅಲ್ಲೇ. ಮುಗೀತು” ಎಂದೆ. ಗೆರೆ ಎಳೆದಳು.

“ಈಗ ತಿರುಗಿ ನೋಡು.”

ತಿರುಗಿದೆ. ಗೆರೆಯ ಆಚೆಗೂ ಬೆಳಕು. ಕ್ಯಾಲೆಂಡರಿನವರೆಗೆ, ಬಾಗಿಲಿನವರೆಗೆ. ಆ ಬೆಳಕಿನಲ್ಲೇ ಅವಳು ನಿಂತಿದ್ದಳು. ಅಳುತ್ತಿದ್ದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ದೀಪ, ಮಾಸ್ಕ್, ಅಂಗಡಿಯವನು, ಬಡಗಿ — ಯಾರನ್ನೂ ಬಿಟ್ಟಿರಲಿಲ್ಲ.

ಫೆಬ್ರವರಿ 13

ಕಣ್ಣಿನ ಡಾಕ್ಟರು. ಕಣ್ಣೊಳಗೆ ಒತ್ತಡ ಹೆಚ್ಚಂತೆ. ಜೀವನವಿಡೀ ನೀರಿನ ಒತ್ತಡ ಅಳೆದವನಿಗೆ ಇದು ಗೊತ್ತೇ ಆಗಲಿಲ್ಲ. ಅಂಚಿನ ನೋಟ ಹೋಗಿದೆ, ಎಡಕ್ಕೆ ಜಾಸ್ತಿ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಲು ದಿನಾ ಹನಿ ಹಾಕಿಕೊಳ್ಳಬೇಕು.

“ನೀರಿಗೆ ಇಳೀಬಹುದಾ?”

“ನಿಮ್ಮ ಜೊತೆ ಇಳಿಯೋರನ್ನ ನೀವು ನೋಡ್ಕೊಳ್ಳೋಕಾಗುತ್ತಾ? ನೀವೇ ಹೇಳಿ.”

ಹನಿಯ ಚೀಟಿ ತೆಗೆದುಕೊಂಡು ಎದ್ದುಬಂದೆ.

ಫೆಬ್ರವರಿ 14

ಬರೆಯುವುದಕ್ಕೆ ಏನೂ ಇಲ್ಲ.

ಮಾರ್ಚ್ 1

“ಮುಖ ಗಂಟು ಹಾಕ್ಕೊಂಡ್ರೆ ಕಣ್ಣು ವಾಪಸ್ ಬರುತ್ತಾ?” ಇವಳು ಇವತ್ತು ಕೇಳಿಯೇಬಿಟ್ಟಳು.

ಗುಬ್ಬಿಯೂ ಮನೆಯಲ್ಲೇ. ಜೋಡಿಯಿಲ್ಲದೆ ಇಳಿಯುವಂತಿಲ್ಲ. ಬೇರೆಯವರನ್ನು ಕರೆಯೆಂದು ನಾನೇ ಹೇಳಲಿ ಎಂದು ಕಾಯುತ್ತಿದ್ದಾಳೆ. ನನಗೆ ಬಾಯಿ ಬರುತ್ತಿಲ್ಲ. ಹೊಟ್ಟೆಕಿಚ್ಚು, ಬೇರೇನಲ್ಲ. ಅವಳ ಪಕ್ಕದಲ್ಲಿ ಇನ್ಯಾರೋ ಈಜುವುದನ್ನು ನೆನೆದರೆ ಮೈ ಉರಿಯುತ್ತದೆ. ಆದರೆ ಕಣ್ಣು ಮುಚ್ಚಿದರೆ ಆ ದೀಪ ಕಾಣುತ್ತದೆ. ಅಡ್ಡಡ್ಡ ಬೀಸುತ್ತಲೇ ಇರುತ್ತದೆ. ಅವತ್ತು ಕಾಣದ್ದು ಈಗ ದಿನವೂ ಕಾಣುತ್ತದೆ.

ಸಂಜೆ ವೆಲ್ಡರಮ್ಮನಿಗೆ ಫೋನ್ ಮಾಡಿದೆ. ನೀರೊಳಗೆ ವೆಲ್ಡಿಂಗ್ ಮಾಡುವವಳು, ನನ್ನ ಹಳೆಯ ಶಿಷ್ಯೆ. ಒಪ್ಪಿದಳು.

ಮಾರ್ಚ್ 4

ನನ್ನ ದೀಪವನ್ನು ವೆಲ್ಡರಮ್ಮನ ಕೈಗಿಟ್ಟೆ. “ಅವಳನ್ನ ಕಣ್ಣಳತೆಯಲ್ಲೇ ಇಟ್ಕೊಂಡಿರು. ಆಗಾಗ ತಲೆ ತಿರುಗಿಸ್ತಿರು.”

“ನೀವೇ ಕಲಿಸಿದ್ದಲ್ವಾ ಮೇಷ್ಟ್ರೇ” ಎಂದಳು.

ಇಬ್ಬರೂ ಇಳಿದರು. ನಾನು ಬೋಟಿನಲ್ಲಿ. ನೀರಿನಡಿ ಎರಡು ಹಸಿರು ಬೆಳಕು, ಮಸುಕಾಗುತ್ತ ಹೋದವು. ಆಮೇಲೆ ಒಂದು ನಿಂತಿತು. ಮೇಲಕ್ಕೆ ತಿರುಗಿತು. ದುಂಡಗೆ ಸುತ್ತಿತು.

ಕಂಡಿತು. ನಟ್ಟನಡುವೆ ಇತ್ತಲ್ಲ, ಚೆನ್ನಾಗಿ ಕಂಡಿತು. ಉತ್ತರಿಸಲು ಕೈಯಲ್ಲಿ ದೀಪವಿಲ್ಲ. ಬರಿಗೈಯನ್ನೇ ದುಂಡಗೆ ತಿರುಗಿಸಿದೆ. ಕೆಳಗೆ ಮತ್ತೆ ಸುತ್ತಿತು. ಮತ್ತೆ. ಕೊನೆಗೆ ಗುಬ್ಬಿ ಮೇಲೆ ಬಂದು ಬಾಯಿಂದ ನಳಿಕೆ ತೆಗೆದಳು.

“ಯಾಕಪ್ಪಾ ಉತ್ತರ ಕೊಡ್ಲಿಲ್ಲ?”

“ದೀಪ ಕೊಟ್ಟುಬಿಟ್ನಲ್ಲೇ.”

“ನಾಳೆ ಹಳೇದು ತಗೊಂಡು ಬಾ. ನೀನು ಉತ್ತರ ಕೊಡದೆ ನಾನು ಇಳಿಯಲ್ಲ.”

ಮಾರ್ಚ್ 5, ಬೆಳಿಗ್ಗೆ

ಹಳೆಯ ದೀಪ ಸಿಗುತ್ತಿಲ್ಲ. ಕಪಾಟು ನೋಡಿದೆ. ಮಂಚದ ಕೆಳಗೆ ನೋಡಿದೆ. ಸುಮ್ಮನೆ ಇವಳ ಮೇಲೆ ರೇಗಿದೆ. ಸೋತು ಇಲ್ಲಿ ಬರೆಯುತ್ತ ಕೂತೆ.

ಗುಬ್ಬಿ ಈಗ ಬಂದಳು. ನನ್ನ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿ ಹೊರಟುಹೋದಳು.

ಇದೇ ಮೇಜಿನ ಮೇಲೆ ಹಳೆಯ ದೀಪ. ಚಾರ್ಜಿಗೆ ಹಾಕಿಟ್ಟಿದ್ದಾಳೆ. ಒರೆಸಿಯೂ ಇಟ್ಟಿದ್ದಾಳೆ. ಇಷ್ಟು ಹೊತ್ತೂ ನನ್ನ ಎಡಗೈ ಪಕ್ಕದಲ್ಲೇ...

ಬೋಟಿನವನು ಕೂಗುತ್ತಿದ್ದಾನೆ. ಗುಬ್ಬಿ ಗೇಟಿನ ಹತ್ತಿರ ಕಾಯು—