ಬೋರ್ಡ್ ಮುಂದೆ ನಿಂತ ಟೀಚರಮ್ಮ

ಮರಳೂರು, ತುಮಕೂರು
ಮಂಗಳವಾರ, 10 ಸೆಪ್ಟೆಂಬರ್ 2024

ಪ್ರೀತಿಯ ಪ್ರಸಾದ್ ಅವರಿಗೆ,

ಹೇಗಿದೀರಿ? ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿ ಜೋರಂತೆ, ವಿಂಡ್‌ಮಿಲ್ ಕಂಬ ಹತ್ತುವಾಗ ಬೆಲ್ಟ್ ಹಾಕ್ಕೋತೀರಿ ತಾನೆ? ಸೊಂಟದ ನೋವು ಕಮ್ಮಿ ಆಯ್ತಾ? ಇಲ್ಲಿ ಅತ್ತೆ ಚೆನ್ನಾಗಿದಾರೆ. ಪುಟ್ಟಿ ಹೊಟ್ಟೆ ಮೇಲೆ ಮಲಗಿಕೊಂಡೇ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾಳೆ, ಒಂದು ಕಡೆ ಮಲಗಿಸಿದ್ರೆ ಇನ್ನೊಂದು ಕಡೆ ಸಿಕ್ತಾಳೆ. ನನ್ನ ವಿಷಯ ಕೇಳ್ಬೇಡಿ. ಬೀದಿ ಗಣೇಶನ ಮೈಕು ಹಗಲು ಮಲಗೋಕೆ ಬಿಡಲ್ಲ, ನಿಮ್ಮ ಮಗಳು ರಾತ್ರಿ ಮಲಗೋಕೆ ಬಿಡಲ್ಲ. ನಿನ್ನೆ ಸಕ್ಕರೆ ಬದಲು ಉಪ್ಪು ಹಾಕಿ ಅತ್ತೆಗೆ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು, "ಏನೇ ದೀಪಿಕಾ, ಸಾರು ಬೆಳಿಗ್ಗೇನೇ ಮಾಡಿಬಿಟ್ಯಾ?" ಅಂದ್ರು.

ಫೋನ್ ಇಟ್ಕೊಂಡು ಕಾಗದ ಯಾಕೆ ಬರೀತಾಳೆ ಅಂತ ನಗ್ತೀರಿ. ನಗಿ. ಮೆಸೇಜ್ ಮಾಡಿದ್ರೆ ನೀವು ವಾಪಸ್ ಏನು ಹಾಕ್ತೀರಿ ಅಂತ ನನಗೆ ಗೊತ್ತು. ನಿಮ್ಮ ಜೊತೆ ಕೆಲಸ ಮಾಡೋ ತಿಮ್ಮೇಶ್ ರಜ ಮುಗಿಸಿ ಇವತ್ತು ಹೊರಟಿದಾರೆ, ಅವರ ಕೈಲಿ ಕೊಡ್ತಿದೀನಿ.

ವಿಷಯ ಆ ಟೀಚರಮ್ಮನ ಎಮೋಜಿದು. ಅದೇ ರೀ, ಬೋರ್ಡ್ ಮುಂದೆ ಸಣ್ಣಗೆ ನಗ್ತಾ ನಿಂತಿರೋ ಹೆಂಗಸು. ಪುಟ್ಟಿ ಎರಡು ತಿಂಗಳ ಕೂಸಾಗಿದ್ದಾಗ ಕಿವಿಗೆ ಎಣ್ಣೆ ಬಿಡಬೇಡಿ, ಡಾಕ್ಟರ್ ಬೇಡ ಅಂದಿದಾರೆ ಅಂತ ಮನೆಯವರ ಗ್ರೂಪಲ್ಲಿ ಬರೆದೆ ನೋಡಿ, ಗೂಳೂರಿಂದ ನಿಮ್ಮ ತಂಗಿ ಅಕ್ಷತಾ ಅದನ್ನ ಹಾಕಿದ್ಲು. ಜೊತೆಗೆ, "ಟೀಚರಮ್ಮ ಬಂದ್ರು, ಎಲ್ಲರೂ ಕೈ ಕಟ್ಟಿ ಕೂತ್ಕೊಳ್ಳಿ." ಸತ್ಯ ಹೇಳ್ಬೇಕಂದ್ರೆ ಅವತ್ತು ನನಗೂ ನಗು ಬಂತು. ಗುಬ್ಬಿಯ ಸ್ಕೂಲು ಬಿಟ್ಟು ಬಸುರಿಯಾಗಿ ಮನೇಲಿ ಕೂತವಳನ್ನ ಯಾರೋ ಇನ್ನೂ ಟೀಚರ್ ಅಂತಿದಾರಲ್ಲ ಅಂತ ಒಳಗೊಳಗೇ ಖುಷಿ. ಆಮೇಲೆ ಕಣ್ಣಿಗೆ ಕಾಡಿಗೆ ಬೇಡ ಅಂದೆ, ಅದು ಬಂತು. ಕೈ ತೊಳೆದು ಎತ್ಕೊಳ್ಳಿ ಅಂದೆ, ಬಂತು. ಈಗ ಪುಟ್ಟಿಗೆ ಶೀತ ಅಂತ ಹಾಕಿದ್ರೂ ಸಾಕು, ಯಾರೂ ಓದೋಕೆ ಮುಂಚೆ ಅವಳು ಬಂದು ನಿಂತಿರ್ತಾಳೆ. ಬಾಯಿ ಮುಚ್ಕೋ ಅಂತ ನೇರವಾಗಿ ಅಂದಿದ್ರೆ ನಾನೂ ಜಗಳ ಆಡ್ತಿದ್ದೆ. ಚಿತ್ರದ ಜೊತೆ ಹೇಗೆ ಜಗಳ ಆಡೋದು ಹೇಳಿ? "ತಮಾಷೆ ಮಾಡಿದ್ರೂ ಮುನಿಸಾ ಅತ್ತಿಗೆ?" ಅಂತಾಳೆ.

ಮೊನ್ನೆ ಶಿಕ್ಷಕರ ದಿನ ಅದೇ ಗ್ರೂಪಲ್ಲಿ ನಿಮ್ಮಣ್ಣನಿಗೆ ಬೆಳಿಗ್ಗೆಯಿಂದ ಮೆರವಣಿಗೆ. ಅವರು ಕುಣಿಗಲ್ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು, ಗೌರವ ಕೊಡಲಿ, ನನ್ನ ತಕರಾರಿಲ್ಲ. ಅವರಿಗೂ ಅದೇ ಬೋರ್ಡು, ಮುಂದೆ ಗಂಡಸು, ಪಕ್ಕದಲ್ಲಿ ಮುಗಿದ ಕೈ, ತಾವರೆ ಹೂವು, "ಗುರುಗಳಿಗೆ ಶರಣು." ನಾನೂ ಎಂಎಸ್ಸಿ, ಬಿಎಡ್ ಮಾಡಿದೀನಿ ಅನ್ನೋದು ಒಬ್ಬರಿಗೂ ನೆನಪಾಗಲಿಲ್ಲ. ಜೀವಶಾಸ್ತ್ರ ಓದಿದವಳು ನಾನು, ಆದ್ರೆ ಕೂಸಿನ ಕರುಳಿನ ವಿಷಯಕ್ಕೆ ಲೆಕ್ಕದ ಮೇಷ್ಟ್ರ ಮಾತು ನಡೆಯುತ್ತೆ.

ಈ ಭಾನುವಾರ ಕುಣಿಗಲ್‌ನಲ್ಲಿ ಭಾವನ ಮನೇಲಿ ಪುಟ್ಟಿಗೆ ಅನ್ನ ಉಣ್ಣಿಸೋ ಶಾಸ್ತ್ರ ಇದೆಯಲ್ಲ, ಅದಕ್ಕೆ ಮುಂಚೆ ಸೋದರತ್ತೆ ಅಂತ ಅಕ್ಷತಾ ಬಂಗಾರದ ಉಂಗುರದಲ್ಲಿ ಜೇನು ನೆಕ್ಕಿಸಬೇಕಂತೆ. ಭಾವ ಊರ್ಡಿಗೆರೆ ಕಡೆಯಿಂದ ಜೇನು ತರಿಸಿ ಫೋಟೋನೂ ಹಾಕಿದ್ರು. ನಾನು ಬೇಡ ಅಂತ ಬರೆದೆ. ಜೇನು ಎಷ್ಟು ಶುದ್ಧ ಇದ್ರೂ ಅದರಲ್ಲಿ ಒಂದು ರೋಗಾಣು ಇರಬಹುದು, ನಮ್ಮ ಹೊಟ್ಟೆ ತಡ್ಕೊಳ್ಳುತ್ತೆ, ವರ್ಷ ತುಂಬದ ಕೂಸಿಗೆ ತಡೆಯೋ ಶಕ್ತಿ ಇಲ್ಲ, ನರ ಸೋತು ಉಸಿರಾಟಕ್ಕೇ ಕಷ್ಟ ಆಗಬಹುದು ಅಂತ ಬಿಡಿಸಿ ಬಿಡಿಸಿ ಬರೆದೆ. ಅಪರೂಪಕ್ಕೆ ಆಗೋದು ನಿಜ. ಆ ಅಪರೂಪ ನಮ್ಮ ಮನೆಗೆ ಬರಲ್ಲ ಅಂತ ಯಾರು ಬರ್ಕೊಟ್ಟಿದಾರೆ? ಭಾವ, "ನಾವೆಲ್ಲ ಜೇನು ನೆಕ್ಕೇ ಬೆಳೆದಿದ್ದು ಕಣಮ್ಮ" ಅಂದ್ರು. ಅಕ್ಷತಾ ಟೀಚರಮ್ಮನ್ನ ಹಾಕಿದ್ಲು. ಅಷ್ಟರಲ್ಲಿ ನೀವು ಏನೋ ಟೈಪ್ ಮಾಡ್ತಿರೋದು ಕಾಣಿಸ್ತು. ಕೈಲಿದ್ದ ಸೌಟು ಹಾಗೇ ಇಟ್ಟು ಕಾದೆ. ಈಗ ಇವರು ಹೇಳ್ತಾರೆ, ನನ್ನ ಮಗಳ ಅಪ್ಪ ಹೇಳ್ತಾರೆ ಅಂತ. ಬಂತು. ನೀವೂ ಅದನ್ನೇ ಹಾಕಿದ್ರಿ, ಮೇಲೊಂದು ನಗು. ಒಲೆ ಮೇಲಿದ್ದ ಒಗ್ಗರಣೆ ಸೀದು ಕರಕಲಾಯ್ತು.

ನನ್ನ ಗೋಳು ಇಷ್ಟೇ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದಾರೆ. ಈ ಕಾಗದದ ಮೂಲೆ ಪುಟ್ಟಿ ಚೀಪಿ ಒದ್ದೆ ಮಾಡಿದಾಳೆ, ಅದನ್ನ ಅವಳ ಮುತ್ತು ಅಂದ್ಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಕೋಪದಲ್ಲೂ ನಿಮ್ಮವಳೇ ಆದ,
ದೀಪಿಕಾ

ತಾ.ಕ.: ತಿಮ್ಮೇಶ್ ಬಾಗಿಲಲ್ಲಿ ನಿಂತಿದಾರೆ, ಬೇಗ ಬರೀತೀನಿ. ಈಗಷ್ಟೇ ಅಕ್ಷತಾ ನನಗೊಬ್ಬಳಿಗೇ ಫೋನ್ ಮಾಡಿದ್ಲು. ಅವಳಿಗೆ ಮೂರು ತಿಂಗಳಂತೆ, ನಮ್ಮ ಕಡೆ ಇನ್ನೂ ಯಾರಿಗೂ ಹೇಳಿಲ್ಲ, ನೀವೂ ಗೊತ್ತಿಲ್ಲದ ಹಾಗೆ ಇರಿ. ಕಬ್ಬಿಣದ ಮಾತ್ರೆ ತಗೊಂಡ್ರೆ ವಾಂತಿ, ಅವಳ ಅತ್ತೆ ನಿಲ್ಲಿಸು ಅಂತಿದಾರಂತೆ. "ನೀವು ಹೇಳಿ ಅತ್ತಿಗೆ, ನಿಮಗೆ ಗೊತ್ತಿರುತ್ತೆ" ಅಂದ್ಲು. ನೀನಾಗೇ ನಿಲ್ಲಿಸ್ಬೇಡ, ಡಾಕ್ಟರಿಗೆ ಹೇಳು, ಬೇರೆ ಕೊಡ್ತಾರೆ ಅಂದೆ. ಆಮೇಲೆ ಮೆತ್ತಗೆ, ಜೇನು ನಿಜವಾಗ್ಲೂ ಅಷ್ಟು ಅಪಾಯಾನಾ ಅಂತ ಕೇಳಿದ್ಲು. ಎಲ್ಲಾ ಹೇಳಿದೆ. "ಅಯ್ಯೋ, ನನ್ನ ಮಗೂಗಂತೂ ಮುಟ್ಟಿಸಲ್ಲ ಬುಡಿ" ಅಂದ್ಲು. ಮತ್ತೆ ಭಾನುವಾರ? ಅಂದೆ. "ದೊಡ್ಡಣ್ಣನ ಮುಂದೆ ನಾನು ಹೆಂಗೆ ಇಲ್ಲ ಅನ್ಲಿ? ಚೂರೇ ಚೂರು ನೆಕ್ಕಿಸಿಬಿಡ್ತೀನಿ."

ರೀ, ಅವಳು ನಂಬಿದಾಳೆ, ಆದ್ರೂ ನೆಕ್ಕಿಸ್ತಾಳೆ. ಶನಿವಾರದೊಳಗೆ ನಿಮ್ಮಣ್ಣನಿಗೆ ನೀವೇ ಫೋನ್ ಮಾಡಿ, ಬಾಯಿಬಿಟ್ಟು ಬೇಡ ಅನ್ನಿ. ಇಲ್ಲಾಂದ್ರೆ ಭಾನುವಾರ ಬೆಳಿಗ್ಗೆ ಅತ್ತೆ ಕುಣಿಗಲ್ ಬಸ್ ಹತ್ತಲಿ, ನಾನು ಪುಟ್ಟಿನ ಎತ್ಕೊಂಡು ಗುಬ್ಬಿ ಬಸ್ ಹತ್ತುತ್ತೀನಿ. ಅಮ್ಮನ ಮನೇಲೇ ಅವಳಿಗೆ ಮೊದಲ ತುತ್ತು ಉಣ್ಣಿಸ್ತೀನಿ. ಬರೀ ಅನ್ನ.