ವಿಮಾನಗಳಿಗೆ ಮುಂಚೆಯೇ ತಿಳಿದಿದ್ದ ಬಿರುಗಾಳಿ

ಹವಾಮಾನ ಮುನ್ಸೂಚನೆ ಮಸೂದೆಯ ಕರಡು ಸಮಿತಿಯ ಮಾನ್ಯ ಅಧ್ಯಕ್ಷರೇ,

ನನಗೆ ಹೆದರಿಕೆಯಾಗುತ್ತಿದೆ. ಏಪ್ರಿಲ್ ಬಂದಿದೆ, ಮಧ್ಯಾಹ್ನವಾದರೆ ಹಲಸೂರು ಕೆರೆಯ ಆಚೆ ಮೋಡ ಕಟ್ಟುತ್ತದೆ. ತಾವು ಮಾತ್ರ ಇನ್ನೂ ಮಸೂದೆಯ ಪೀಠಿಕೆ ತಿದ್ದುತ್ತಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ಬಿರುಗಾಳಿಯ ಮುನ್ನೆಚ್ಚರಿಕೆ ಸುಧಾರಿಸುವ ಕಾನೂನಂತೆ. ಸಂತೋಷ. ಅದು ಪಾಸಾಗುವ ತನಕ ಕಾಯಬೇಕೆಂದು ಗಾಳಿಗೊಂದು ನೋಟಿಸು ಕೊಟ್ಟಿದ್ದೀರಾ?

ನಮ್ಮ ಬೀದಿಗೂ ಒಂದು ಮುನ್ಸೂಚನೆಯ ಪದ್ಧತಿ ಇದೆ. ಬೇಸಿಗೆಯಲ್ಲಿ ಎಲ್ಲರ ತಾರಸಿಯ ಮೇಲೂ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗುತ್ತಿರುತ್ತವೆ. ಮೋಡ ಮೊದಲು ಕಂಡವರು ಕೂಗಬೇಕು, ಕೂಗು ಕೇಳಿದವರು ಮೇಲಕ್ಕೆ ಓಡಬೇಕು. ನಮ್ಮತ್ತೆಯ ಕಾಲದಿಂದಲೂ ಹೀಗೆಯೇ. ಕಳೆದ ವರ್ಷ ಎದುರುಮನೆಯ ಬಿಲ್ಕೀಸ್ ಕೂಗಿದರು, "ಬೃಂದಾ, ಮೋಡ ಬಂತು, ಓಡಮ್ಮಾ." ನನ್ನ ಮಗಳು ಓಡಿದಳು. ಅರ್ಧ ಸಂಡಿಗೆ ಎತ್ತುವಷ್ಟರಲ್ಲಿ ಗಾಳಿ ಬಂತು. ಅದು ನಾವು ಕಂಡರಿತ ಗಾಳಿಯಲ್ಲ. ಪಕ್ಕದ ಕಟ್ಟಡದ ತಗಡಿನ ಶೀಟು ಕಿತ್ತು ಹಾರಿಬಂದು ಅವಳ ಎಡಭುಜ ಸೀಳಿತು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಬದುಕಿದ್ದಾಳೆ. ಆ ಕೈಯಲ್ಲಿ ಜಡೆ ಹಿಡಿಯಲಾಗುವುದಿಲ್ಲ, ಈಗ ನಾನೇ ಹೆಣೆಯುತ್ತೇನೆ.

ಅಂದು ಬೆಳಗ್ಗೆ ರೇಡಿಯೊ ಹೇಳಿದ್ದಿಷ್ಟು: ಕೆಲವೆಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ಬೇಸಿಗೆಯಿಡೀ ಹೇಳುವುದೂ ಅದನ್ನೇ. ಹಲಸೂರು ಆ 'ಕೆಲವೆಡೆ'ಯಲ್ಲಿ ಸೇರಿದೆಯೇ ಎಂದು ನಾನು ಯಾರನ್ನು ಕೇಳಬೇಕಿತ್ತು?

ಬಿಲ್ಕೀಸರ ಗಂಡ ಅಸ್ಗರ್ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವ ಕೆಲಸದವರು. ಆಸ್ಪತ್ರೆಗೆ ಬಂದವರು ತಲೆ ತಗ್ಗಿಸಿಕೊಂಡೇ ಹೇಳಿದರು. "ಅಕ್ಕಾ, ನಮ್ಗೆ ಮೊದ್ಲೇ ಹೇಳಿದ್ರು. ಗಾಳಿ ಜೋರಾಗಿ ಬರ್ತದೆ, ಏಣಿ ಎಲ್ಲಾ ಕಟ್ಟಾಕಿ ಅಂದ್ರು. ಪ್ಲೇನ್‌ಗಳ್ನ ಇಳಿಸ್ಲೇ ಇಲ್ಲ." ಅಂದರೆ ಏಣಿಗಳಿಗೂ ಸುದ್ದಿ ಮುಟ್ಟಿತ್ತು. ಸ್ವಲ್ಪ ದೂರದಲ್ಲೇ ಇದ್ದ ನನ್ನ ಮಗಳಿಗೆ ಮುಟ್ಟಲಿಲ್ಲ. ರಿಂಗ್‌ಟೋನ್ ಕೊಳ್ಳಿರೆಂಬ ಸಂದೇಶ ನನ್ನ ಮೊಬೈಲಿಗೆ ದಿನವೂ ತಪ್ಪದೆ ಬರುತ್ತದಲ್ಲ, ಅದನ್ನು ಕಳುಹಿಸಲು ಯಾವ ಮಸೂದೆ ಬೇಕಾಯಿತು?

ಹೊಸ ಯಂತ್ರ ತನ್ನಿ, ಹೊಸ ಮಂಡಳಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಇದೊಂದು ಕಲಮು ಸೇರಿಸಿ: ಬಿರುಗಾಳಿಯ ಸುದ್ದಿ ಯಾರಿಗೆ ಮೊದಲು ತಿಳಿಯುವುದೋ ಅವರು ಅದನ್ನು ಬಡಾವಣೆಯ ಹೆಸರು ಹಿಡಿದು, ಕಿವಿಗೆ ಬೀಳುವಂತೆ, ಆಗಿಂದಾಗಲೇ ಜನರಿಗೆ ಮುಟ್ಟಿಸತಕ್ಕದ್ದು. ಮುಟ್ಟಿಸದಿದ್ದರೆ ಉತ್ತರ ಹೇಳತಕ್ಕದ್ದು. ಸೈರನ್ ಆದರೂ ಸರಿ, ತಮಟೆಯಾದರೂ ಸರಿ.

ಇದನ್ನು ಬರೆಯುತ್ತಿರುವಾಗಲೇ ಕಿಟಕಿ ಬಡಿದುಕೊಳ್ಳುತ್ತಿದೆ. ಎದುರು ತಾರಸಿಯಲ್ಲಿ ಬಿಲ್ಕೀಸರ ಮಗಳು ಫಹ್ಮಿದಾ ಮೆಣಸಿನಕಾಯಿ ಬಾಚುತ್ತಿದ್ದಾಳೆ. ನನ್ನ ಬೃಂದಾ ಮಂಚದ ಕೆಳಗೆ ಸೇರಿಕೊಂಡಿದ್ದಾಳೆ. "ಕೂಗ್ಬೇಡಮ್ಮಾ, ಅವ್ಳ ಅಮ್ಮನೂ ಮೇಲೆ ಓಡ್ಬಿಡ್ತಾರೆ" ಅನ್ನುತ್ತಿದ್ದಾಳೆ. ನಿಜ. ಕೂಗಿದರೆ ನಮ್ಮ ಬೀದಿಯ ಜನ ಮೇಲಕ್ಕೇ ಓಡುತ್ತಾರೆ, ಕೆಳಗಿಳಿಸುವ ಕೂಗು ನಮಗೆ ಯಾರೂ ಕಲಿಸಿಲ್ಲ. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ರಸ್ತೆ ದಾಟಿ, ಆ ಹುಡುಗಿಯನ್ನು ಕೈಹಿಡಿದು ಇಳಿಸಿಕೊಂಡು ಬರಬೇಕು.

ಇಂತಿ,
ತಮ್ಮ 'ಕೆಲವೆಡೆ'ಯಲ್ಲಿ ಮನೆ ಮಾಡಿಕೊಂಡಿರುವ
ಯಶೋದಮ್ಮ
ಹಲಸೂರು, ಏಪ್ರಿಲ್ 2006