ಸಿಂಚನಳ ಬಲಗೈ

ರಾಜೀವನಗರ, ಮೈಸೂರು
೨೮-೧೧-೨೦೨೪

ಪ್ರೀತಿಯ ಮಗ ಮಾರ್ಟಿನ್,

ಆರೋಗ್ಯವೇ? ದೋಹಾದ ಹೋಟೆಲ್ ಅಡುಗೆಮನೆಯಲ್ಲಿ ನಿಂತು ನಿಂತು ಬಂದ ಸೊಂಟನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ, ಬಿ.ಪಿ. ಮಾತ್ರ ನಿನ್ನ ದಯೆಯಿಂದ ಏರಿದೆ. ಫೋನಿನಲ್ಲಿ ಈ ಮಾತೆತ್ತಿದರೆ ನಿನಗೆ ನೆಟ್‌ವರ್ಕ್ ಹೋಗುತ್ತದೆ, ಅದಕ್ಕೇ ಕಾಗದ.

ನಿನ್ನೆ ದೇವರಾಜ ಮೊಹಲ್ಲಾದ ಸ್ಟುಡಿಯೋದಿಂದ ನಿನ್ನ ಮಗಳ ಎರಡನೇ ಹುಟ್ಟುಹಬ್ಬದ ಫೋಟೋ ತಂದೆ. ಬಲಗೈಗೆ ಹೆಬ್ಬೆರಳೇ ಇಲ್ಲದೆ ಹುಟ್ಟಿದ ನಮ್ಮ ಸಿಂಚನಳಿಗೆ ಫೋಟೋದಲ್ಲಿ ಹೆಬ್ಬೆರಳು ಬಂದುಬಿಟ್ಟಿತ್ತು! ಅದೂ ಎಡಗೈಯನ್ನೇ ಹಾಗೇ ತೆಗೆದು ಬಲಕ್ಕೆ ಅಂಟಿಸಿದ್ದಾರೆ. ಕಿರುಬೆರಳು ಇರಬೇಕಾದ ಕಡೆ ಹೆಬ್ಬೆರಳು ನಿಂತಿದೆ. ವಾಪಸ್ ಹೋಗಿ ಜಗಳಕ್ಕೆ ನಿಂತರೆ ಸ್ಟುಡಿಯೋ ಪ್ರೇಮ್‌ಕುಮಾರ್, "ನಿಮ್ ಮಗ್ನೇ ಫೋನ್ ಮಾಡಿ ಬೆರಳು ಸರಿ ಮಾಡ್ಬುಡಿ ಅಂದ್ರು ಕಣಮ್ಮ, ತಂಗಿಗೆ ಗಂಡು ಗೊತ್ತಾದ ಮನೆಯೋರಿಗೆ ಕಳಿಸ್ಬೇಕಂತೆ" ಅಂದ. ಥೂ! ಹೆತ್ತ ಮಗಳ ಕೈ ನಿನಗೆ ಅಷ್ಟು ಅಸಹ್ಯವೇನೋ?

ತೋರುಬೆರಳನ್ನೇ ತಿರುಗಿಸಿ ಹೆಬ್ಬೆರಳಿನ ಜಾಗಕ್ಕೆ ಕೂರಿಸುತ್ತೇವೆ, ಈ ವಯಸ್ಸಿನಲ್ಲಾದರೆ ಕೈ ಬೇಗ ಪಳಗುತ್ತದೆ ಎಂದು ಡಾಕ್ಟರು ಎರಡು ಸಲ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ನೀನು ಮೊದಲು ತಂಗಿಯ ನಿಶ್ಚಿತಾರ್ಥ ಮುಗಿಯಲಿ ಅಂದೆ. ಈಗ ಪ್ಲಾಸ್ಟರ್ ನೋಡಿದರೆ ಗಂಡಿನವರು ವಂಶದಲ್ಲೇ ಐಬು ಅಂದಾರು, ಮದುವೆ ಮುಗಿಯಲಿ ಅನ್ನುತ್ತೀ. ನಾಳೆ ತಂಗಿಯ ಬಾಣಂತನ ಅನ್ನುತ್ತೀ. ಮಗು ಮಾತ್ರ ಎರಡು ಬೆರಳ ಸಂದಿಗೆ ಬಿಸ್ಕತ್ತು ಸಿಕ್ಕಿಸಿಕೊಂಡು ತಿನ್ನುವುದನ್ನು ಕಲಿಯುತ್ತಿದೆ, ಅರ್ಧ ನೆಲಕ್ಕೆ ಬೀಳುತ್ತದೆ.

ನಾನೇನು ದೊಡ್ಡ ಸಾಚಾ ಅಲ್ಲ. ಪ್ರತಿ ಭಾನುವಾರ ಚರ್ಚಿನ ಪೂಜೆಗೆ ಹೊರಡುವಾಗ ಆ ಕೈಗೆ ಕಾಲುಚೀಲ ಏರಿಸುತ್ತಿದ್ದವಳು ನಾನೇ. ನಿನಗೆ ಆ ಬುದ್ಧಿ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಊಟ ತಪ್ಪಿಸಬೇಡ. ಆರೋಗ್ಯಮಾತೆ ನಿನ್ನನ್ನು ಕಾಯಲಿ, ಹಾಗೇ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಸವರಿಯಮ್ಮ

ತಾ.ಕ.: ಆಪರೇಷನ್ ಬರುವ ಸೋಮವಾರ. ನಿನ್ನ ಹೆಂಡತಿ ಸ್ಟೆಫಿ ಸಹಿ ಹಾಕಿಯಾಯಿತು. ಈ ಕಾಗದ ನಿನ್ನನ್ನು ಸೇರುವಷ್ಟರಲ್ಲಿ ಮುಗಿದಿರುತ್ತದೆ. ಇವತ್ತು ಬೆಳಿಗ್ಗೆ ನಿನ್ನ ತಂಗಿ ಮಗುವನ್ನು ಎತ್ತಿಕೊಂಡು ಗಂಡಿನ ಮನೆಗೇ ಹೋಗಿ ಕೈ ತೋರಿಸಿ ಬಂದಳು. ಕಾಫಿ ಕೊಟ್ಟು ಕಳಿಸಿದರಂತೆ. ಸಂಜೆ ಸಂಬಂಧ ಬೇಡವೆಂದು ಫೋನ್ ಬಂತು. ಅವಳು ಅತ್ತಳು, ಆದರೆ ಹೋದದ್ದಕ್ಕೆ ಬೇಸರವಿಲ್ಲ ಅಂದಳು. ಮದುವೆಗೆಂದು ನೀನು ತೆಗೆದುಕೊಂಡ ಜನವರಿಯ ರಜೆ ಇದೆಯಲ್ಲ, ರದ್ದು ಮಾಡಬೇಡ. ಪ್ಲಾಸ್ಟರ್ ಬಿಚ್ಚುವುದು ಅದೇ ವಾರ. ಬಾ.